ಸುಜ್ಯೋತಿಯ ಲೆಕ್ಕ

ಕೆಲಸ ಕಡಿಮೆಯಾದಾಗ ಮೊದಲು ಮನೆಗೆ ಹೋಗಬೇಕಾದವರು ಯಾರು ಎಂಬ ಪ್ರಶ್ನೆಯನ್ನು ಅರ್ಥಶಾಸ್ತ್ರದವರಿಗೆ ಒಪ್ಪಿಸಿ ನಾವು ಸುಮ್ಮನಾಗಿದ್ದೇವೆ. ಬೇಡಿಕೆ ಕುಸಿಯಿತು, ಬೆಲೆ ಇಳಿಯಿತು, ಆಳು ಬೇಡವಾಯಿತು. ಯಾವ ಆಳು ಬೇಡವಾಯಿತು ಎಂಬುದನ್ನೂ ಮಾರುಕಟ್ಟೆಯೇ ತೀರ್ಮಾನಿಸುತ್ತದೆ ಎಂದು ನಂಬಿದ್ದೇವೆ. ಮಾರುಕಟ್ಟೆ ಹೇಳುವುದು ಎಷ್ಟು ಆಳು ಬೇಕು ಎಂಬುದನ್ನಷ್ಟೇ. ಯಾರು ಉಳಿಯಬೇಕು, ಯಾರನ್ನು ಕಳಿಸಿದರೆ ಊರು ಅನ್ಯಾಯ ಎನ್ನುವುದಿಲ್ಲ, ಹೋದವರನ್ನು ನಿರುದ್ಯೋಗಿಗಳೆಂದು ಎಣಿಸಬೇಕೋ ಬೇಡವೋ ಎಂಬ ತೀರ್ಮಾನಗಳು ಬೆಲೆ ಇಳಿಯುವುದಕ್ಕೆ ಬಹಳ ಮೊದಲೇ ಆಗಿಹೋಗಿರುತ್ತವೆ. ಅವು ಆಗುವುದು ಮನೆಯಲ್ಲಿ, ಶಾಸ್ತ್ರದಲ್ಲಿ, ಒಳ್ಳೆಯ ಗಂಡಸು ಒಳ್ಳೆಯ ಹೆಂಗಸು ಎಂದರೆ ಏನು ಎಂಬ ನಮ್ಮ ಕಲ್ಪನೆಯಲ್ಲಿ. ಆದ್ದರಿಂದ ಇದನ್ನು ಧರ್ಮದ ಪ್ರಶ್ನೆಯೆಂದೇ ನಾನು ಎತ್ತಿಕೊಳ್ಳುತ್ತೇನೆ. ನನ್ನ ವಾದ ಇಷ್ಟು: ದುಡಿಮೆ ಗಂಡಸಿಗೆ ಹಕ್ಕು, ಹೆಂಗಸಿಗೆ ಅಪ್ಪಣೆ ಎಂಬ ಹಳೆಯ ಒಡಂಬಡಿಕೆಯೊಂದು ನಮ್ಮಲ್ಲಿದೆ, ಆರ್ಥಿಕ ಹಿಂಜರಿತ ಅದನ್ನು ಹೊಸದಾಗಿ ಹುಟ್ಟಿಸುವುದಿಲ್ಲ, ಜಾರಿಗೆ ತರುತ್ತದೆ. ಇದನ್ನು ಪರೀಕ್ಷಿಸಲು ದೊಡ್ಡ ಪೇಟೆಯೇ ಬೇಕೆಂದಿಲ್ಲ. ಕಾವೇರಿಯ ಹುಟ್ಟೂರಿನ ಬುಡದಲ್ಲಿರುವ ಕೊಡಗಿನ ಭಾಗಮಂಡಲ ಸಾಕು. ಹೆಣ್ಣಿನ ಸಂಕಲ್ಪ, ಗಂಡು ಕೊಟ್ಟ ಮಾತು, ಕಣ್ಣಿಗೆ ಕಾಣದ ಹರಿವು, ಈ ಮೂರರ ಮೇಲೂ ಅಲ್ಲಿನ ಪುರಾಣಕ್ಕೆ ಹೇಳಲು ಏನೋ ಇದೆ.

ಭಾಗಮಂಡಲದಲ್ಲಿ ಕಾರ್ಖಾನೆಯಿಲ್ಲ. ಹಿಂಜರಿತವೆಂದರೆ ಗೇಟಿಗೆ ಬೀಗ ಬೀಳುವುದು ಎಂದುಕೊಂಡವರಿಗೆ ಇಲ್ಲಿ ಅದು ಕಾಣಿಸುವುದೇ ಇಲ್ಲ. ಕಾಫಿ, ಕರಿಮೆಣಸು, ಏಲಕ್ಕಿ, ಒಂದಿಷ್ಟು ಭತ್ತದ ಗದ್ದೆ, ಜೇನು. ಜೊತೆಗೆ ಭಗಂಡೇಶ್ವರನಿಗೂ ತಲಕಾವೇರಿಗೂ ಬರುವ ಭಕ್ತರನ್ನು ನಂಬಿದ ಹೋಟೆಲು, ಹಣ್ಣುಕಾಯಿ ಅಂಗಡಿ, ಹೋಂಸ್ಟೇ, ಜೀಪು. ಕಾಫಿಯ ಬೆಲೆ ನಿಗದಿಯಾಗುವುದು ರೊಬಸ್ಟಾಕ್ಕೆ ಲಂಡನ್ನಿನಲ್ಲಿ, ಅರೇಬಿಕಾಕ್ಕೆ ನ್ಯೂಯಾರ್ಕಿನಲ್ಲಿ. 1989ರ ಜುಲೈಯಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ಮುರಿದುಬಿತ್ತು. ಬೆಳೆದದ್ದನ್ನೆಲ್ಲ ಒಂದೇ ರಾಶಿಗೆ ಹಾಕಿಕೊಂಡು ತಾನೇ ಮಾರುತ್ತಿದ್ದ ಕಾಫಿ ಬೋರ್ಡಿನ ಪದ್ಧತಿ 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡು 1996ರ ಹೊತ್ತಿಗೆ ಪೂರ್ತಿ ಕೊನೆಯಾಯಿತು. ದೇಶದ ಕಾಫಿಯಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಬೆಳೆಯುವ ಕೊಡಗು ಆಗ ಮೊದಲ ಬಾರಿ ಲೋಕದ ಗಾಳಿಗೆ ನೇರವಾಗಿ ಮೈಯೊಡ್ಡಿತು. ಮೊದಲೆರಡು ಸಲ ಗಾಳಿ ಸಿಹಿಯಾಗಿಯೇ ಇತ್ತು. 1994ರಲ್ಲೂ 1997ರಲ್ಲೂ ಬೆಲೆ ಏರಿತು, ಹೊಸ ಜೀಪುಗಳು ಬಂದವು, ಮನೆಗಳಿಗೆ ತಾರಸಿ ಬಂತು. 2001-02ರ ಹೊತ್ತಿಗೆ ಲೋಕದ ಕಾಫಿ ಬೆಲೆ ಮೂವತ್ತು ವರ್ಷಗಳಲ್ಲೇ ಕನಿಷ್ಠ ಮಟ್ಟಕ್ಕೆ ಇಳಿಯಿತು. ಜಿಲ್ಲೆ ಸಾಲದಲ್ಲಿ ಮುಳುಗಿದ ಆ ವರ್ಷಗಳ ಬಗ್ಗೆ ಬರೆದವರೆಲ್ಲ ಬೆಳೆಗಾರನ ಬಗ್ಗೆ ಬರೆದರು. ಅವನ ಕಷ್ಟ ನಿಜವಾದದ್ದೇ. ತೋಟದ ಒಳಗೆ ಆ ಕಷ್ಟ ಯಾವ ದಾರಿಯಲ್ಲಿ ಇಳಿದುಹೋಯಿತು ಎಂಬುದನ್ನು ನೋಡಿದವರು ಕಡಿಮೆ.

ತೋಟದಲ್ಲಿ ಕೆಲಸಕ್ಕೂ ಗಂಡು ಹೆಣ್ಣೆಂಬ ಭೇದವಿದೆ. ಮರಗಸಿ, ಕಪಾತು, ಔಷಧಿ ಹೊಡೆಯುವುದು, ಏಣಿ ಏರಿ ಮೆಣಸು ಕುಯ್ಯುವುದು ಗಂಡಾಳಿನ ಕೆಲಸ. ಕಳೆ ಕೀಳುವುದು, ಚಿಗುರು ತೆಗೆಯುವುದು, ಕಣದಲ್ಲಿ ಕಾಫಿ ಹರಡಿ ಆರಿಸುವುದು ಹೆಚ್ಚಾಗಿ ಹೆಣ್ಣಾಳಿನದು. ಕುಯ್ಲಿನಲ್ಲಿ ಇಬ್ಬರೂ ಇದ್ದರೂ ಹೆಂಗಸರೇ ಹೆಚ್ಚು. ಅಲ್ಲಿ ಕೂಲಿ ಬಹುಮಟ್ಟಿಗೆ ಕೆಜಿ ಲೆಕ್ಕದಲ್ಲಿ. ಬೆಲೆ ಕುಸಿದ ವರ್ಷ ಬೆಳೆಗಾರ ಹಾಕುವ ಲೆಕ್ಕದಲ್ಲಿ ಕ್ರೌರ್ಯವೇನೂ ಇಲ್ಲ. ನೆರಳು ಬಿಡಿಸದಿದ್ದರೆ ಮುಂದಿನ ಫಸಲಿಗೇ ಕುತ್ತು, ಹಾಗಾಗಿ ಮರಗಸಿ ಆಗಲೇಬೇಕು. ಕಳೆಯನ್ನು ಮೂರು ಸಲದ ಬದಲು ಒಂದೇ ಸಲ ತೆಗೆಸಿದರೆ ನಡೆಯುತ್ತದೆ. ಕಳೆನಾಶಕ ಹೊಡೆಸಿದರೆ ಇನ್ನೂ ಅಗ್ಗ, ಆದರೆ ಆ ಕೆಲಸ ಪಂಪು ಹೊತ್ತ ಗಂಡಾಳಿಗೆ ಹೋಗುತ್ತದೆ. ಹಣ್ಣಾದದ್ದನ್ನೇ ಆಯ್ದು ಸುತ್ತುಸುತ್ತಾಗಿ ಕುಯ್ಯುವ ಬದಲು ಗೊಂಚಲನ್ನೇ ಒಮ್ಮೆಲೇ ಹಿಂಡಿ ಚೆರ್ರಿ ಮಾಡಿ ಒಣಗಿಸಿದರೆ ಕೂಲಿಯೂ ಉಳಿಯಿತು, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗಿನ ಖರ್ಚೂ ಉಳಿಯಿತು. ಹೀಗೆ ಒಂದೊಂದೂ ಸರಿಯಾದ ನಾಲ್ಕು ತೀರ್ಮಾನಗಳು ಸೇರಿದಾಗ ಕೈಬಿಟ್ಟುಹೋದ ಕೂಲಿಯ ದಿನಗಳಲ್ಲಿ ಹೆಚ್ಚಿನವು ಹೆಂಗಸರವು. ಹೆಂಗಸರನ್ನು ತೆಗೆಯಿರಿ ಎಂದು ಯಾವ ಮೇಸ್ತ್ರಿಯೂ ಹೇಳಬೇಕಾಗಲಿಲ್ಲ. 1976ರ ಸಮಾನ ವೇತನ ಕಾಯ್ದೆಯೂ ಇಲ್ಲಿ ಕೈಕಟ್ಟಿ ಕೂತಿತು, ಏಕೆಂದರೆ ಅದು ಸಮಾನವೆನಿಸಿದ ಕೆಲಸಕ್ಕೆ ಸಮಾನ ಕೂಲಿ ಕೇಳುತ್ತಿತ್ತೇ ಹೊರತು, ಯಾವ ಕೆಲಸ ಬಿಡಲಾಗದ್ದು ಯಾವುದು ಬಿಡಬಹುದಾದದ್ದು ಎಂಬ ವಿಂಗಡಣೆಯನ್ನು ಪ್ರಶ್ನಿಸುತ್ತಿರಲಿಲ್ಲ.

ಇದು ಒಂದು ಬೆಳೆಯ ಕಥೆ, ಒಂದು ಜಿಲ್ಲೆಯ ಕಥೆ ಎಂದು ಪಕ್ಕಕ್ಕಿಡಬಹುದು. 2020ರ ಲಾಕ್‌ಡೌನ್ ಹಾಗೆ ಪಕ್ಕಕ್ಕಿಡುವಂಥದ್ದಲ್ಲ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಆ ವರ್ಷ ದುಡಿಯುತ್ತಿದ್ದ ಗಂಡಸರಲ್ಲಿ ಶೇ 61ರಷ್ಟು ಮಂದಿ ಕೆಲಸದಲ್ಲೇ ಉಳಿದರು, ಕೆಲಸ ಕಳೆದುಕೊಂಡು ವರ್ಷದ ಕೊನೆಗೂ ಮರಳದವರು ಶೇ 7. ಹೆಂಗಸರಲ್ಲಿ ಕೆಲಸದಲ್ಲೇ ಉಳಿದವರು ಶೇ 19, ಮರಳದವರು ಶೇ 47. ಭಾಗಮಂಡಲದಿಂದ ಹರಿದ ನೀರೇ ಸುತ್ತುವರಿದಿರುವ ಶ್ರೀರಂಗಪಟ್ಟಣದಲ್ಲಿ ಆ ವರ್ಷದ ಜೂನ್‌ನಲ್ಲಿ ಸಿದ್ಧ ಉಡುಪಿನ ಕಾರ್ಖಾನೆಯೊಂದು ಮುಚ್ಚಿ ಸಾವಿರಕ್ಕೂ ಹೆಚ್ಚು ಮಂದಿ ಕೆಲಸ ಕಳೆದುಕೊಂಡರು; ಅವರಲ್ಲಿ ಬಹುಪಾಲು ಹೆಂಗಸರು. ಯಾವ ಕ್ಷೇತ್ರಕ್ಕೆ ಮೊದಲು ಪೆಟ್ಟು ಬೀಳುತ್ತದೆ ಎಂಬುದು ಅದೃಷ್ಟದ ಮಾತು, ಅದಕ್ಕೂ ಹೆಣ್ಣು ಗಂಡಿಗೂ ಸಂಬಂಧವಿಲ್ಲ ಎನ್ನುವವರಿದ್ದಾರೆ. ಅವರ ಮಾತಿಗೆ ಆಧಾರವೂ ಇದೆ. 2008ರ ಕುಸಿತದಲ್ಲಿ ಅಮೆರಿಕದಲ್ಲಿ ಕಟ್ಟಡ ಮತ್ತು ಕಾರ್ಖಾನೆಯ ಕೆಲಸಗಳು ಹೋದವು. 2009ರ ಕೊನೆಗೆ ಅಲ್ಲಿ ಗಂಡಸರ ನಿರುದ್ಯೋಗ ಶೇ 11ರ ಆಸುಪಾಸಿಗೆ ಏರಿದಾಗ ಹೆಂಗಸರದು ಶೇ 9ರ ಒಳಗಿತ್ತು. 2020ರ ಏಪ್ರಿಲ್‌ನಲ್ಲಿ ಹೋಟೆಲು, ಅಂಗಡಿ, ಶಿಶುಪಾಲನೆಯ ಕೆಲಸಗಳು ನಿಂತಾಗ ಲೆಕ್ಕ ತಿರುವುಮುರುವಾಯಿತು, ಹೆಂಗಸರದು ಶೇ 15 ದಾಟಿತು, ಗಂಡಸರದು ಶೇ 13ರ ಸುತ್ತ ನಿಂತಿತು. ಆದ್ದರಿಂದ ಪೆಟ್ಟು ಮೊದಲು ಯಾರಿಗೆ ಎಂಬುದನ್ನು ಅದೃಷ್ಟಕ್ಕೆ ಬಿಡೋಣ. ಮರಳಿ ಬಂದವರು ಯಾರು ಎಂಬುದನ್ನು ಬಿಡಲಾಗದು. ಶೇ 7ಕ್ಕೂ ಶೇ 47ಕ್ಕೂ ನಡುವಿನ ಅಂತರವನ್ನು ಯಾವ ಕ್ಷೇತ್ರದ ಕುಸಿತವೂ ಪೂರ್ತಿ ವಿವರಿಸದು. ಬಾಗಿಲು ಮತ್ತೆ ತೆರೆದಾಗ ಒಬ್ಬನನ್ನು ಕರೆದರು, ಇನ್ನೊಬ್ಬಳನ್ನು ಕರೆಯಲಿಲ್ಲ. ಅಥವಾ ಕರೆದರೂ ಅಷ್ಟರಲ್ಲಿ ಅವಳ ದಿನವನ್ನು ಮನೆ ತುಂಬಿಕೊಂಡಿತ್ತು.

ಇದಕ್ಕೆ ಎದುರಾಗಿ ಇನ್ನೊಂದು ಅಂಕಿಯನ್ನು ಮುಂದಿಡುತ್ತಾರೆ, ಅದಕ್ಕೆ ಉತ್ತರ ಕೊಡದೆ ಮುಂದೆ ಹೋಗುವಂತಿಲ್ಲ. ಸರ್ಕಾರದ ಕಾರ್ಮಿಕ ಸಮೀಕ್ಷೆಯ ಪ್ರಕಾರ 15 ವರ್ಷ ತುಂಬಿದ ಹೆಂಗಸರಲ್ಲಿ ದುಡಿಮೆಯ ಲೆಕ್ಕಕ್ಕೆ ಬಂದವರು 2017-18ರಲ್ಲಿ ಶೇ 23.3 ಇದ್ದರು, 2023-24ರಲ್ಲಿ ಶೇ 41.7 ಆದರು. ನಡುವೆ ದೊಡ್ಡ ಕುಸಿತವೊಂದು ಹಾದುಹೋದರೂ ಏರಿಕೆಯಾಗಿದೆಯಲ್ಲ, ಹಾಗಿದ್ದ ಮೇಲೆ ಹೆಣ್ಣಿಗೆ ಆದ ನಷ್ಟ ಎಲ್ಲಿದೆ ಎಂಬುದು ಪ್ರಶ್ನೆ. ಆ ಏರಿಕೆಯ ಒಳಗೆ ಇಣುಕಿದರೆ ನಷ್ಟವೇ ಬೇರೆ ವೇಷದಲ್ಲಿ ಕಾಣುತ್ತದೆ. ಅದೇ ವಿಶ್ವವಿದ್ಯಾಲಯದ 2023ರ ವರದಿಯಂತೆ, ದುಡಿಯುವ ಹೆಂಗಸರಲ್ಲಿ ಸ್ವಂತ ಉದ್ಯೋಗದವರು ಕೋವಿಡ್‌ಗೆ ಮೊದಲು ಶೇ 50 ಇದ್ದವರು ಆಮೇಲೆ ಶೇ 60 ಆದರು, ಮತ್ತು ಆ ಏರಿಕೆಯ ಹಿಂದೆ ಇದ್ದದ್ದು ಸಂಕಟ. ಸ್ವಂತ ಉದ್ಯೋಗ ಎಂಬ ಹೆಸರಿನಡಿ ಮನೆಯ ಜಮೀನಿನಲ್ಲೋ ಅಂಗಡಿಯಲ್ಲೋ ಸಂಬಳವಿಲ್ಲದೆ ಕೈಜೋಡಿಸುವವರೂ ಸೇರುತ್ತಾರೆ. ಗಂಡಸಿನ ಕೂಲಿ ನಿಂತಾಗ ಗದ್ದೆಗಿಳಿದವಳು, ಹೋಂಸ್ಟೇಯ ಅಡುಗೆಯವನನ್ನು ಬಿಡಿಸಿದಾಗ ಒಲೆಯ ಮುಂದೆ ನಿಂತವಳು, ಕೋಳಿಯೋ ಹಂದಿಯೋ ಸಾಕಿ ಮನೆಯ ಸಂತೆಖರ್ಚು ತೂಗಿಸುವವಳು ಎಲ್ಲರೂ ದುಡಿಮೆಯ ಲೆಕ್ಕಕ್ಕೆ ಬಂದರು, ಕೂಲಿಯ ಲೆಕ್ಕಕ್ಕೆ ಬರಲಿಲ್ಲ. ಕೂಲಿ ಸಿಗುವಲ್ಲಿ ಹೆಂಗಸರು ಏನು ಮಾಡುತ್ತಾರೆಂದು ತಿಳಿಯಲು ಉದ್ಯೋಗ ಖಾತ್ರಿಯನ್ನು ನೋಡಬಹುದು. 2020-21ರಲ್ಲಿ ದೇಶದಲ್ಲಿ ಸೃಷ್ಟಿಯಾದ ಸುಮಾರು 389 ಕೋಟಿ ಮಾನವದಿನಗಳಲ್ಲಿ ಶೇ 53ರಷ್ಟು ಹೆಂಗಸರವು. ಕೆಲಸ ಕೇಳಿದರೆ ಕೊಡಲೇಬೇಕು, ಗಂಡಿಗೂ ಹೆಣ್ಣಿಗೂ ಒಂದೇ ದರ ಎಂದಿದ್ದ ಕಡೆ, ಅಂದರೆ ಕೆಲಸ ಹಕ್ಕಾಗಿದ್ದ ಒಂದೇ ಒಂದು ಕಡೆ, ಅವರೇ ಹೆಚ್ಚಾಗಿ ಬಂದರು. ಮನೆಯಲ್ಲಿರುವುದು ಅವರ ಆಯ್ಕೆ ಎಂಬ ಮಾತನ್ನು ಈ ಅಂಕಿಯ ಎದುರಿಗಿಟ್ಟು ನೋಡಬೇಕು.

ಎಣಿಕೆಯ ಕ್ರಮವೇ ಒಂದು ತತ್ವವನ್ನು ಹೇಳುತ್ತದೆ. ಸಮೀಕ್ಷೆಯವರ ಪಟ್ಟಿಯಲ್ಲಿ ಒಬ್ಬೊಬ್ಬರ ಸ್ಥಿತಿಗೂ ಒಂದು ಸಂಖ್ಯೆಯಿದೆ. ಕೆಲಸವಿಲ್ಲದೆ ಹುಡುಕುತ್ತಿರುವವನಿಗೆ 81. ಮನೆಗೆಲಸ ಮಾತ್ರ ಮಾಡುವವಳಿಗೆ 92. ಮನೆಗೆಲಸದ ಜೊತೆಗೆ ಸೌದೆ, ಸೊಪ್ಪು, ನೀರು ತರುವವಳಿಗೆ 93. ಒಂದೇ ತೋಟದಿಂದ ಒಂದೇ ವಾರ ಕೆಲಸ ತಪ್ಪಿದ ಗಂಡ ಹೆಂಡಿರಲ್ಲಿ ಅವನು 81ಕ್ಕೂ ಅವಳು 92ಕ್ಕೋ 93ಕ್ಕೋ ಸೇರುವುದು ತೀರ ಸುಲಭ. ಅವನು ನಿರುದ್ಯೋಗದ ಅಂಕಿಯಾಗುತ್ತಾನೆ, ಸಚಿವರು ಅವನ ಬಗ್ಗೆ ಉತ್ತರಿಸಬೇಕಾಗುತ್ತದೆ. ಅವಳು ಆರ್ಥಿಕತೆಯಿಂದಲೇ ಹೊರಗೆ ನಡೆಯುತ್ತಾಳೆ, ಅವಳ ಬಗ್ಗೆ ಯಾರೂ ಉತ್ತರಿಸಬೇಕಿಲ್ಲ. 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಿದ್ದರು. ಅದೂ ಗಂಡಸರಲ್ಲಿ ಹಾಗೆ ಕೈಹಚ್ಚುತ್ತಿದ್ದವರೇ ನಾಲ್ವರಲ್ಲಿ ಒಬ್ಬರಷ್ಟು. ಭಾಗಮಂಡಲಕ್ಕೆ ಬರುವ ಭಕ್ತರ ಎಣಿಕೆ ಇದಕ್ಕಿಂತ ಉದಾರವಾದದ್ದು. ಅಲ್ಲಿ ಕಣ್ಣಿಗೆ ಕಾಣುವ ಹೊಳೆಗಳು ಎರಡೇ, ಕಾವೇರಿ ಮತ್ತು ಕನ್ನಿಕೆ. ಮೂರನೆಯವಳಾದ ಸುಜ್ಯೋತಿ ಗುಪ್ತಗಾಮಿನಿ, ನೆಲದೊಳಗೇ ಬಂದು ಕೂಡುತ್ತಾಳೆಂಬ ನಂಬಿಕೆ. ಆದರೂ ಯಾರೂ ಆ ಸಂಗಮವನ್ನು ದ್ವಿವೇಣಿ ಎನ್ನುವುದಿಲ್ಲ, ತ್ರಿವೇಣಿ ಎನ್ನುತ್ತಾರೆ. ಮೀಯುವವನು ಮೂರನ್ನೂ ನೆನೆಯುತ್ತಾನೆ. ಕಾಣದ್ದನ್ನು ಇಲ್ಲವೆನ್ನದೆ ಹೆಸರಿಟ್ಟು, ಲೆಕ್ಕಕ್ಕೆ ಸೇರಿಸಿ, ಅವಳಿಗೂ ಪಾಲಿದೆ ಎನ್ನುವ ಶಕ್ತಿ ಈ ಊರಿನ ಧಾರ್ಮಿಕ ಕಲ್ಪನೆಗೆ ಇದೆ. ಅದೇ ಶಕ್ತಿ ತೋಟದ ಪುಸ್ತಕದ ತನಕ, ಸಮೀಕ್ಷೆಯ ಪಟ್ಟಿಯ ತನಕ ಹರಿಯದಿರುವುದೇ ವಿಚಿತ್ರ.

ಹಕ್ಕು ಮತ್ತು ಅಪ್ಪಣೆಯ ಭೇದ ಎಲ್ಲಿಂದ ಬಂತು ಎಂದು ಹುಡುಕಿದರೆ ಶಾಸ್ತ್ರಗಳು ಮುಚ್ಚುಮರೆಯಿಲ್ಲದೆ ಹೇಳುತ್ತವೆ. ಗಂಡ ದೂರದೇಶಕ್ಕೆ ಹೋಗುವಾಗ ಹೆಂಡತಿಯ ಜೀವನಕ್ಕೆ ಏರ್ಪಾಡು ಮಾಡಿ ಹೋಗಬೇಕು, ಮಾಡದೆ ಹೋದರೆ ಅವಳು ನಿಂದೆಗೆ ಎಡೆಯಿಲ್ಲದ ಕಸುಬಿನಿಂದ ಬದುಕಿಕೊಳ್ಳಬಹುದು ಎಂಬ ಮಾತು ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿದೆ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರ ಇನ್ನೂ ವಿವರವಾಗಿದೆ. ನೂಲಿನ ಅಧ್ಯಕ್ಷನು ವಿಧವೆಯರು, ಅಂಗವಿಕಲರು, ಕನ್ಯೆಯರು, ಸನ್ಯಾಸಿನಿಯರು, ದೇವಾಲಯದ ಸೇವೆಯಿಂದ ಬಿಟ್ಟವರು ಇವರಿಂದ ನೂಲು ತೆಗೆಸಬೇಕು; ಕೂಲಿ ಕೊಡಲು ತಡಮಾಡಿದರೆ, ಕೂಲಿಯ ನೆಪದಲ್ಲಿ ಹೆಂಗಸಿನ ಮುಖ ನೋಡಿದರೆ ಅವನಿಗೆ ದಂಡ. ಎರಡು ಸಾವಿರ ವರ್ಷದ ಹಿಂದೆಯೇ ಕೂಲಿ ತಡವಾಗಬಾರದೆಂಬ ಎಚ್ಚರವಿತ್ತು ಎಂದು ಮೆಚ್ಚಬೇಕಾದದ್ದೇ. ಆದರೂ ಪಟ್ಟಿಯಲ್ಲಿರುವವರು ಯಾರೆಂದು ನೋಡಿ: ನೋಡಿಕೊಳ್ಳುವ ಗಂಡಸಿಲ್ಲದವರು. ಗಂಡಸು ಇಲ್ಲದ ಅಥವಾ ಕೈಬಿಟ್ಟ ಕಡೆ ಮಾತ್ರ ಹೆಣ್ಣಿನ ಕೂಲಿಗೆ ಮರ್ಯಾದೆ. ಇದನ್ನು ನಮ್ಮ ಪರಂಪರೆಯ ದೋಷವೆಂದಷ್ಟೇ ಬಗೆಯುವುದು ಅವಸರವಾದೀತು. 1932ರಲ್ಲಿ, ಮಹಾ ಕುಸಿತದ ನಡುವೆ, ಅಮೆರಿಕದ ಸರ್ಕಾರ ಗಂಡ ಹೆಂಡತಿ ಇಬ್ಬರೂ ಕೇಂದ್ರದ ನೌಕರಿಯಲ್ಲಿದ್ದರೆ ಕಡಿತದಲ್ಲಿ ಅಂಥವರೇ ಮೊದಲು ಹೋಗಬೇಕೆಂದು ಕಾನೂನು ಮಾಡಿತು. ಅದರಲ್ಲಿ ಹೆಂಗಸು ಎಂಬ ಮಾತಿರಲಿಲ್ಲ. ಮನೆಗೆ ಹೋದವರಲ್ಲಿ ಬಹುಪಾಲು ಹೆಂಗಸರೇ ಆದರು. 1937ರಲ್ಲಿ ಅದು ರದ್ದಾಯಿತು. ಕೊಡಗಿಗೆ ಇನ್ನೂ ಹತ್ತಿರದ ಸಾಕ್ಷಿಯೆಂದರೆ ವಿರಾಜಪೇಟೆಯವರಾದ ಸಿ.ಬಿ. ಮುತ್ತಮ್ಮನವರು, ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಅವರು ಸುಪ್ರೀಂ ಕೋರ್ಟಿನ ಮುಂದೆ ತಂದ ನಿಯಮಗಳಲ್ಲಿ ಒಂದು, ಹೆಣ್ಣು ಅಧಿಕಾರಿ ಮದುವೆಗೆ ಮೊದಲು ಸರ್ಕಾರದ ಅನುಮತಿ ಪಡೆಯಬೇಕು ಎನ್ನುತ್ತಿತ್ತು. ಇನ್ನೊಂದು, ವಿವಾಹಿತ ಸ್ತ್ರೀಗೆ ಈ ಸೇವೆಗೆ ನೇಮಕವಾಗುವುದು ಹಕ್ಕಿನ ಮಾತಲ್ಲ ಎಂದೇ ಬರೆದಿಟ್ಟಿತ್ತು. 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಪೀಠ ಆ ನಿಯಮಗಳನ್ನು ಕಟುವಾಗಿ ಟೀಕಿಸಿತು. ಆ ನಿಯಮಗಳು ಯಾವ ಹಿಂಜರಿತದ ಕೂಸೂ ಆಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಒಳ್ಳೆಯ ದಿನಗಳಲ್ಲೇ ಬರೆದಿಟ್ಟ ಷರತ್ತು ಅದು. ಸಂವಿಧಾನ ಬಂದು ಮೂರು ದಶಕವಾಗುತ್ತಿದ್ದರೂ ಪುಸ್ತಕದಲ್ಲಿ ಉಳಿದಿತ್ತು.

ಈಗ ಎಲ್ಲಕ್ಕಿಂತ ಬಲವಾದ ಆಕ್ಷೇಪ. ಕೆಲಸ ವಿರಳವಾದಾಗ ಮನೆಯನ್ನೇ ಘಟಕವೆಂದು ಹಿಡಿಯುವುದು ನ್ಯಾಯವಲ್ಲವೇ? ಒಂದು ಮನೆಯಲ್ಲಿ ಎರಡು ಸಂಬಳ, ಪಕ್ಕದ ಮನೆಯಲ್ಲಿ ಒಂದೂ ಇಲ್ಲ ಎಂದಾದರೆ, ಇದ್ದದ್ದನ್ನು ಹಂಚಿಕೊಳ್ಳುವುದೇ ಧರ್ಮವಲ್ಲವೇ? ಇದು ಕ್ಷುದ್ರ ಮಾತಲ್ಲ; ಹಸಿವಿನ ಎದುರು ಸಮಾನತೆಯ ಸಿದ್ಧಾಂತ ಸಣ್ಣದಾಗಿ ಕಾಣುವುದೂ ನಿಜ. ಆದರೆ ಮನೆಗೊಂದೇ ಕೆಲಸ ಎನ್ನುವವರು ಮನೆಗೊಂದೇ ತೋಟ ಎಂದದ್ದನ್ನು ನಾನು ಕೇಳಿಲ್ಲ. ಆಸ್ತಿಯ ವಿಷಯದಲ್ಲಿ ಮನೆಯ ಮಿತಿ ನೆನಪಾಗುವುದಿಲ್ಲ, ಬಾಡಿಗೆಯ ವಿಷಯದಲ್ಲಿ ಆಗುವುದಿಲ್ಲ. ಹೆಂಗಸಿನ ಕೂಲಿಯ ವಿಷಯ ಬಂದಾಗ ಮಾತ್ರ ಅದು ತತ್ವವಾಗಿ ಎದ್ದುನಿಲ್ಲುತ್ತದೆ. ಇನ್ನೂ ಆಳದಲ್ಲಿ, ದುಡಿಮೆ ಮನೆಗೆ ಸೇರಿದ್ದೋ ಮನುಷ್ಯರಿಗೆ ಸೇರಿದ್ದೋ ಎಂಬ ಪ್ರಶ್ನೆಯಿದೆ. ಅದಕ್ಕೆ ಕನ್ನಡದಲ್ಲೇ ಹನ್ನೆರಡನೆಯ ಶತಮಾನದಲ್ಲಿ ಒಂದು ಉತ್ತರ ಬಂದಿದೆ. ಶರಣರಿಗೆ ಕಾಯಕವೆಂದರೆ ಒಬ್ಬೊಬ್ಬ ಭಕ್ತನೂ ತನ್ನ ಕೈಯಿಂದಲೇ ಸಲ್ಲಿಸಬೇಕಾದದ್ದು. ಗಂಡ ಮಾಡಿದ ಕಾಯಕ ಹೆಂಡತಿಯ ಲೆಕ್ಕಕ್ಕೆ ಬರದು. ನೂಲುವ ಕದಿರ ರೆಮ್ಮವ್ವೆ, ಭತ್ತ ಕುಟ್ಟುವ ಕೊಟ್ಟಣದ ಸೋಮಮ್ಮ ತಮ್ಮ ಕಸುಬನ್ನೇ ಹೆಸರಿನಲ್ಲಿ ಹೊತ್ತರು. ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡ ಮಾರಯ್ಯನನ್ನು ತಡೆದು, ಹೆಚ್ಚಿನದನ್ನು ಮರಳಿಸಲು ಹೇಳಿದ ಆಯ್ದಕ್ಕಿ ಲಕ್ಕಮ್ಮ ಮನೆಯ ಗಳಿಕೆಯ ಮೇಲೆ ತೀರ್ಪು ಕೊಡುವ ಅಧಿಕಾರವನ್ನು ಯಾರ ಅಪ್ಪಣೆಯಿಂದಲೂ ಪಡೆದವಳಲ್ಲ. ಶರಣೆಯರಲ್ಲಿ ಎಷ್ಟೋ ಮಂದಿಯನ್ನು ಇಂಥವರ ಪುಣ್ಯಸ್ತ್ರೀ, ಅಂದರೆ ಹೆಂಡತಿ, ಎಂದೇ ಗುರುತಿಸಿದ್ದಾರೆ ಎಂಬುದನ್ನು ಮರೆಮಾಚಬೇಕಿಲ್ಲ; ಆ ಚಳವಳಿಯೂ ತನ್ನ ಕಾಲದಿಂದ ಪೂರ್ತಿ ಬಿಡಿಸಿಕೊಳ್ಳಲಿಲ್ಲ. ಹಾಗಿದ್ದೂ ಕೊರತೆಯನ್ನು ಹಂಚಿಕೊಳ್ಳುವ ದಾರಿಯೊಂದನ್ನು ಅದು ತೋರಿಸಿತು. ದುಡಿಮೆ ಎಲ್ಲರದು, ಗಳಿಸಿದ್ದರಲ್ಲಿ ಮಿಕ್ಕಿದ್ದು ದಾಸೋಹಕ್ಕೆ. ಕೊರತೆ ಬಂದಾಗ ಹಂಚಬೇಕಾದದ್ದು ಫಲವನ್ನು. ದುಡಿಯುವ ಅರ್ಹತೆಯನ್ನೇ ಒಬ್ಬರಿಂದ ಕಿತ್ತು ಇನ್ನೊಬ್ಬರಿಗೆ ಕೊಡುವುದನ್ನು ಹಂಚಿಕೆ ಎನ್ನಲಾಗದು.

ಗಂಡಸಿನ ನೋವನ್ನು ಈ ವಾದ ಕಡೆಗಣಿಸುತ್ತದೆ ಎಂದು ಹೇಳುವವರಿಗೆ ನಾನು ಅರ್ಧ ಒಪ್ಪುತ್ತೇನೆ. 2021ರಲ್ಲಿ ದೇಶದಲ್ಲಿ ದಾಖಲಾದ ಆತ್ಮಹತ್ಯೆಗಳಲ್ಲಿ ಹತ್ತಕ್ಕೆ ಏಳಕ್ಕಿಂತ ಹೆಚ್ಚು ಗಂಡಸರವು. ವೃತ್ತಿಯ ಲೆಕ್ಕದಲ್ಲಿ ದಿನಗೂಲಿಯವರೇ ನಾಲ್ಕನೆಯ ಒಂದು ಪಾಲು. ಕೆಲಸ ಹೋದ ಹೆಂಗಸಿಗೆ ಮನೆಯೆಂಬ ಹೆಸರಾದರೂ ಸಿಗುತ್ತದೆ, ಕೆಲಸ ಹೋದ ಗಂಡಸಿಗೆ ಊರಿನಲ್ಲಿ ಕೂರಲು ಜಾಗವೇ ಇಲ್ಲ. ಅವನಿಗೆ ಉಳಿಯುವುದು ಬಸ್ ನಿಲ್ದಾಣ, ಹೆಂಡದಂಗಡಿ. ಆದರೆ ಈ ನೋವು ಬಂದದ್ದು ಎಲ್ಲಿಂದ? ಅನ್ನ ಹಾಕುವವನು ನೀನೊಬ್ಬನೇ, ಹಾಕಲಾಗದಿದ್ದರೆ ನೀನು ಗಂಡಸೇ ಅಲ್ಲ ಎಂದು ಅವನಿಗೆ ಕಲಿಸಿದ ಆ ಒಡಂಬಡಿಕೆಯಿಂದಲೇ. ಹೆಣ್ಣಿನ ದುಡಿಮೆಯನ್ನು ಅಪ್ಪಣೆಯಾಗಿಸಿದ ಒಪ್ಪಂದ ಗಂಡಿನ ದುಡಿಮೆಯನ್ನು ತಪ್ಪಿಸಿಕೊಳ್ಳಲಾಗದ ಸೆರೆಯಾಗಿಸಿದೆ. ಅವಳ ಕೂಲಿ ಅವಳ ಹಕ್ಕಾದರೆ ಅವನ ಹೊರೆಯಲ್ಲಿ ಅರ್ಧ ಇಳಿಯುತ್ತದೆ. ಇದರಲ್ಲಿ ಒಬ್ಬರ ಲಾಭ ಇನ್ನೊಬ್ಬರ ನಷ್ಟವೆಂಬ ಲೆಕ್ಕವಿಲ್ಲ.

ಕೊನೆಯ ಆಕ್ಷೇಪ ಭಕ್ತಿಯ ಕಡೆಯಿಂದ ಬರುತ್ತದೆ. ಮನೆಯವರಿಗಾಗಿ ಮಾಡುವುದು ಸೇವೆ, ಅದನ್ನು ರೂಪಾಯಿಯಲ್ಲಿ ತೂಗಿದರೆ ಅದು ಕೆಡುತ್ತದೆ. ಫಲದ ಆಸೆಯಿಲ್ಲದೆ ಮಾಡಿದ ಕರ್ಮವೇ ಶ್ರೇಷ್ಠವೆಂದು ಗೀತೆಯೇ ಹೇಳುತ್ತದಲ್ಲ ಎಂಬ ಮಾತು. ನಿಷ್ಕಾಮ ಕರ್ಮದ ಉಪದೇಶ ಕೇಳಿದವನು ಅರ್ಜುನ, ರಣರಂಗದಲ್ಲಿ ನಿಂತ ಗಂಡಸು. ಅದನ್ನು ಕೂಲಿ ಕೇಳಿದ ಹೆಂಗಸಿಗೆ ಮಾತ್ರ ಅನ್ವಯಿಸುವುದು ಯಾವ ಭಾಷ್ಯವೋ ತಿಳಿಯದು. ಫಲವನ್ನು ತಾನಾಗಿ ಬಿಡುವುದು ತ್ಯಾಗ. ಫಲವೇ ಇಲ್ಲದ ಕಡೆ ಒಬ್ಬಳನ್ನು ನಿಲ್ಲಿಸಿ ಅದನ್ನು ಅವಳ ತ್ಯಾಗವೆಂದು ಹೊಗಳಿದರೆ ಅದಕ್ಕೆ ಆಧ್ಯಾತ್ಮಿಕ ಬೆಲೆಯೂ ಇಲ್ಲ. ಇಲ್ಲಿ ಕಾವೇರಿಯ ಕಥೆ ನೆರವಿಗೆ ಬರುತ್ತದೆ. ಪುರಾಣವನ್ನು ಕಾರ್ಮಿಕ ಕಾಯ್ದೆಯಂತೆ ಓದುವುದು ಹುಚ್ಚುತನವೆಂದು ಬಲ್ಲೆ. ಆದರೆ ಅದು ಹೇಳಿದ್ದನ್ನು ಕೇಳಿಸಿಕೊಳ್ಳದಿರುವುದೂ ಜಾಣತನವಲ್ಲ. ಕವೇರ ಮುನಿಯ ಸಾಕುಮಗಳಿಗೆ ನದಿಯಾಗಿ ಲೋಕಕ್ಕೆ ಒದಗಬೇಕೆಂಬುದು ಮೊದಲ ಸಂಕಲ್ಪ. ಅಗಸ್ತ್ಯರನ್ನು ಮದುವೆಯಾದದ್ದು ಆಮೇಲೆ, ಅದೂ ತನ್ನನ್ನು ಒಂಟಿಯಾಗಿ ಬಿಟ್ಟುಹೋಗಬಾರದೆಂಬ ಷರತ್ತಿನ ಮೇಲೆ. ಋಷಿ ಅವಳನ್ನು ಕಮಂಡಲದಲ್ಲಿಟ್ಟು ಶಿಷ್ಯರ ಕಾವಲಿಗೆ ಒಪ್ಪಿಸಿ ಸ್ನಾನಕ್ಕೆ ಹೋದ ದಿನ ಅವಳು ಹೊರಗೆ ಹರಿದಳು. ತಡೆಯಲು ಬಂದಾಗ ನೆಲದೊಳಗಿಳಿದು ಭಾಗಮಂಡಲದಲ್ಲಿ ಮತ್ತೆ ಕಾಣಿಸಿಕೊಂಡಳು. ಬಲಮುರಿಯಲ್ಲಿ ಅಡ್ಡನಿಂತವರ ನಡುವೆಯೂ ನುಗ್ಗಿ ನಡೆದಳು, ಆ ಸೆಳೆತಕ್ಕೇ ಕೊಡಗಿನ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಸರಿಯಿತು ಎನ್ನುತ್ತಾರೆ. ಇಷ್ಟೆಲ್ಲ ಆದರೂ ಕಥೆ ಅವಳನ್ನು ಮನೆ ಬಿಟ್ಟವಳೆಂದು ಹಳಿಯುವುದಿಲ್ಲ. ತುಲಾ ಸಂಕ್ರಮಣದಂದು ಊರೇ ಅವಳನ್ನು ಕಾಣಲು ಬೆಟ್ಟ ಹತ್ತುತ್ತದೆ; ಮನೆಮನೆಯಲ್ಲಿ ಸೌತೆಕಾಯಿಗೋ ತೆಂಗಿನಕಾಯಿಗೋ ಕೆಂಪು ಪಟ್ಟೆ ಸುತ್ತಿ ಒಡವೆ ತೊಡಿಸಿ ಕಣಿಪೂಜೆ ನಡೆಯುತ್ತದೆ. ಪೂಜೆಯಿಂದ ಕೂಲಿ ಹೆಚ್ಚುವುದಿಲ್ಲ ಎಂದು ನಗುವವರ ಮಾತೂ ಸುಳ್ಳಲ್ಲ. ದೇವಿಯನ್ನು ಹೊತ್ತು ಮೆರೆದ ನಾಡುಗಳಲ್ಲೇ ಹೆಣ್ಣಾಳಿನ ಕೂಲಿ ಕಡಿಮೆ ಇದೆ. ನಾನು ಹೇಳುವುದು ಇಷ್ಟೇ: ಹೆಂಗಸಿನ ದುಡಿಮೆಯನ್ನು ತಡೆಯಲು ಸಂಪ್ರದಾಯವನ್ನು ಕರೆಯುವವರಿಗೆ ಈ ಊರಿನ ಸಂಪ್ರದಾಯ ಸಾಕ್ಷಿ ಹೇಳುವುದಿಲ್ಲ.

ಹಕ್ಕನ್ನು ಒಪ್ಪಿದರೆ ಅದರ ಖರ್ಚು ಯಾರದು ಎಂಬ ಪ್ರಶ್ನೆ ಬರುತ್ತದೆ, ಮತ್ತು ಸದುದ್ದೇಶದ ಕಾನೂನುಗಳು ಎಡವಿದ್ದು ಇಲ್ಲೇ. 1951ರ ತೋಟ ಕಾರ್ಮಿಕರ ಕಾಯ್ದೆ ಐವತ್ತು ಅಥವಾ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಮಾಲೀಕ ಶಿಶುಪಾಲನಾ ಕೊಠಡಿ ನಡೆಸಬೇಕೆಂದಿತು. ಹೆರಿಗೆ ರಜೆಯನ್ನು 2017ರಲ್ಲಿ 12 ವಾರದಿಂದ 26 ವಾರಕ್ಕೆ ಏರಿಸಿದಾಗ ಅಷ್ಟೂ ವಾರದ ಸಂಬಳ ಉದ್ಯೋಗದಾತನ ತಲೆಗೇ ಬಂತು. ಬೆಲೆ ಚೆನ್ನಾಗಿರುವಾಗ ಇದು ನಡೆಯುತ್ತದೆ. ಇಳಿದಾಗ ಪ್ರತಿ ಹೆಣ್ಣಾಳೂ ಮಾಲೀಕನ ಕಣ್ಣಿಗೆ ದುಬಾರಿಯಾಗಿ ಕಾಣುತ್ತಾಳೆ. ಕಾಯಂ ಪಟ್ಟಿಯಿಂದ ಹೆಸರು ಇಳಿಯುತ್ತದೆ, ಕಂಟ್ರಾಕ್ಟರನ ಲಾರಿಯಲ್ಲಿ ದಿನಗೂಲಿಯವರು ಬರುತ್ತಾರೆ. ಇಎಸ್‌ಐ ಎಂಬ ನೌಕರರ ವಿಮೆಯ ವ್ಯವಸ್ಥೆ ಇದಕ್ಕಿಂತ ವಿವೇಕದ್ದು. ಅಲ್ಲಿ ಗಂಡು ಹೆಣ್ಣೆನ್ನದೆ ಎಲ್ಲ ಕಾರ್ಮಿಕರ ಸಂಬಳದ ಮೇಲೂ ವಂತಿಗೆ ಕಟ್ಟುತ್ತಾರೆ, 2019ರಿಂದ ಮಾಲೀಕನದು ಶೇ 3.25, ಕಾರ್ಮಿಕರದು ಶೇ 0.75; ಹೆರಿಗೆಯ ಸಂಬಳ ಆ ನಿಧಿಯಿಂದ ಬರುತ್ತದೆ. ಹೆಂಗಸನ್ನು ಇಟ್ಟುಕೊಂಡದ್ದಕ್ಕೆ ಯಾವ ಮಾಲೀಕನಿಗೂ ಬೇರೆ ದಂಡವಿಲ್ಲ. ತೋಟಗಳು ಬಹುಕಾಲ ಇದರ ಹೊರಗೇ ಉಳಿದವು. ಕಾಫಿ ಬೆಳೆಗಾರರು ಕಷ್ಟದಲ್ಲಿದ್ದಾಗ 2010ರಲ್ಲಿ ಕೇಂದ್ರ ಸರ್ಕಾರ ಸಾಲ ಪರಿಹಾರದ ಪ್ಯಾಕೇಜ್ ಕೊಟ್ಟಿತು, ಕೊಟ್ಟದ್ದು ಸರಿಯೇ. ಅಂಥ ಪರಿಹಾರ ತಲುಪುವುದು ಸಾಲದ ಖಾತೆಯಿದ್ದವರಿಗೆ, ಸಾಲ ಸಿಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಕಳೆ ಕೀಳುವ ದಿನಗಳನ್ನು ಕಳೆದುಕೊಂಡವಳಿಗೆ ಎರಡೂ ಇರಲಿಲ್ಲ. 2024ರಲ್ಲಿ ರೊಬಸ್ಟಾ ಲಂಡನ್ನಿನಲ್ಲಿ ಟನ್ನಿಗೆ 5,000 ಡಾಲರ್ ದಾಟಿ ದಾಖಲೆ ಬರೆಯಿತು. ಇಂಥ ಬೆಲೆ ಸಿಗುವ ವರ್ಷಗಳಲ್ಲಿ ಕಾಫಿಯ ಪ್ರತಿ ಮೂಟೆಯ ಮೇಲೂ ಸಣ್ಣ ಮೊತ್ತವೊಂದನ್ನು ಎತ್ತಿಟ್ಟು, ಬೆಲೆ ಬಿದ್ದ ವರ್ಷ ತಪ್ಪಿದ ಕೂಲಿಯ ದಿನಗಳಿಗೆ ಕೊಡುವ ನಿಧಿ ಕಟ್ಟಿದರೆ ಯಾವ ಬೆಳೆಗಾರನೂ ಮುಳುಗಲಾರ. ಅದಕ್ಕೆ ಬೇಕಾಗುವ ಮೊದಲ ದಾಖಲೆ, ಯಾರು ಎಷ್ಟು ದಿನ ದುಡಿದರು, ಎಷ್ಟು ಕುಯ್ದರು ಎಂಬ ಪಟ್ಟಿ. ಗಂಡ ಹೆಂಡತಿ ಇಬ್ಬರೂ ಕುಯ್ದದ್ದನ್ನು ಒಟ್ಟಿಗೆ ತೂಗಿ ಅವನ ಹೆಸರಿಗೆ ಬರೆಯುವ ರೂಢಿ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಆ ಪುಸ್ತಕದಲ್ಲಿ ಇನ್ನೊಂದು ಸಾಲು ಎಳೆದು, ಅವಳ ಕುಯ್ಲನ್ನು ಅವಳ ಹೆಸರಿಗೂ ಅವಳ ಬ್ಯಾಂಕ್ ಖಾತೆಗೂ ಹಾಕುವುದರಿಂದ ಕೆಲಸ ಶುರುವಾಗಬೇಕು.